ಎರಡು ಗಾಜಿನ ಭರಣಿ, ಒಂದು ಅವಕೆಂಪು ಉಷ್ಣಮಾಪಕ: ಹಸಿರುಮನೆ ಪರಿಣಾಮ ಕಲಿಸುವ ಕಿಟ್‌ನ ವಿಮರ್ಶೆ

ಶಿರಸಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಗೆ ಕಳೆದ ನವೆಂಬರ್‌ನಲ್ಲಿ ಹಸಿರುಮನೆ ಪರಿಣಾಮವನ್ನು, ಅಂದರೆ ಗಾಳಿಯಲ್ಲಿನ ಕೆಲವು ಅನಿಲಗಳು ನೆಲದಿಂದ ಹೊರಡುವ ಬಿಸಿ ಕಿರಣಗಳನ್ನು ಹೀರಿ ಭೂಮಿಯನ್ನು ಬೆಚ್ಚಗಿಡುವುದನ್ನು, ಪ್ರಯೋಗದ ಮೂಲಕ ತೋರಿಸುವ ಕಿಟ್ ಒಂದನ್ನು 2,400 ರೂಪಾಯಿ ಕೊಟ್ಟು ತರಿಸಿದೆವು. ಪೆಟ್ಟಿಗೆಯಲ್ಲಿ ಎರಡು ಗಾಜಿನ ಭರಣಿ, ಎರಡು ಡಿಜಿಟಲ್ ಉಷ್ಣಮಾಪಕ, ದೀಪ ಸಿಕ್ಕಿಸುವ ಸ್ಟ್ಯಾಂಡ್, ವಸ್ತುಗಳು ಹೊರಸೂಸುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಂದ ದೂರದಿಂದಲೇ ತಾಪ ಓದುವ ಅವಕೆಂಪು ಉಷ್ಣಮಾಪಕ ಮತ್ತು 32 ಪುಟಗಳ ಕನ್ನಡ ಕೈಪಿಡಿ ಇವೆ. ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ಮೂರು ತಿಂಗಳು ಬಳಸಿದ ಮೇಲೆ, ಇದನ್ನು ಕೊಳ್ಳಲು ಯೋಚಿಸುತ್ತಿರುವ ಬೇರೆ ಶಾಲೆಯವರಿಗಾಗಿ ಬರೆಯುತ್ತಿದ್ದೇನೆ.

ಕೈಪಿಡಿಯ ಮುಖ್ಯ ಪ್ರಯೋಗ ಸರಳವಾದದ್ದು. ಒಂದು ಭರಣಿಯಲ್ಲಿ ಬರೀ ಗಾಳಿ. ಇನ್ನೊಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಬರಿಸಿದ ಇಂಗಾಲದ ಡೈಆಕ್ಸೈಡ್. ಎರಡಕ್ಕೂ ದೀಪದ ಬಿಸಿ ತಾಗಿಸಿ ಇಪ್ಪತ್ತು ನಿಮಿಷ ಕಾದರೆ ಎರಡನೆಯದು ಸುಮಾರು 2 ಡಿಗ್ರಿ ಹೆಚ್ಚು ತೋರಿಸುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಭೂಮಿಯೂ ಹೀಗೆಯೇ ಬಿಸಿಯಾಗುತ್ತದೆ ಎಂದು ಕೈಪಿಡಿ ಅಲ್ಲಿಗೆ ಪಾಠ ಮುಗಿಸುತ್ತದೆ. ಫಲಿತಾಂಶ ನಿಜವಾದರೂ ಅದಕ್ಕೆ ಕೊಟ್ಟ ಕಾರಣ ತಪ್ಪು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುದರಿಂದ ಭರಣಿಯ ತಳದಲ್ಲಿ ಕುಳಿತು ಮೇಲಿನ ಗಾಳಿಯೊಡನೆ ಸುಲಭವಾಗಿ ಬೆರೆಯುವುದಿಲ್ಲ. ಭರಣಿಯ ಬಿಸಿ ಹೊರಗೆ ಹೋಗದಿರಲು ಮುಖ್ಯವಾಗಿ ಇದೇ ಕಾರಣ. ಅವಕೆಂಪು ಕಿರಣವನ್ನು ಹೀರದ, ಆದರೆ ಹೆಚ್ಚುಕಡಿಮೆ ಅಷ್ಟೇ ಭಾರವಿರುವ ಆರ್ಗಾನ್ ಅನಿಲ ತುಂಬಿದರೂ ಇಂಥದೇ ಏರಿಕೆ ಕಾಣುತ್ತದೆ. ಈ ಪ್ರಯೋಗವನ್ನೇ ನಂಬಿ ಪಾಠ ಮಾಡಿದ ಶಿಕ್ಷಕರು, ಬುದ್ಧಿವಂತ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ ಮೊದಲ ಪ್ರಶ್ನೆಗೇ ಉತ್ತರವಿಲ್ಲದೆ ನಿಲ್ಲಬೇಕಾಗುತ್ತದೆ.

ನನಗೆ ಆದದ್ದೂ ಅದೇ. ಮನೆಯಲ್ಲಿ ಅಡಿಕೆ ಒಣಗಿಸಲು ಪಾಲಿಹೌಸ್ ಕಟ್ಟಿಸಿರುವ ಹುಡುಗನೊಬ್ಬ, "ಸರ್, ನಮ್ಮ ಪಾಲಿಹೌಸಿನ ಬಾಗಿಲು ತೆಗೆದರೆ ಬಿಸಿಯೆಲ್ಲ ಹೊರಗೆ ಹೋಗಿಬಿಡ್ತದೆ, ಆಕಾಶಕ್ಕೆ ಬಾಗಿಲು ಎಲ್ಲಿದೆ?" ಎಂದು ಕೇಳಿದ. ಇಡೀ ಕೈಪಿಡಿಗಿಂತ ಈ ಒಂದು ಪ್ರಶ್ನೆ ವಿಷಯದ ಹತ್ತಿರ ಹೋಗಿದೆ ಎಂದು ನನಗೆ ಅನಿಸಿತು. ಪಾಲಿಹೌಸ್ ಬಿಸಿಯಾಗುವುದು ಹೆಚ್ಚಾಗಿ ಕಾದ ಗಾಳಿ ಒಳಗೇ ಸಿಕ್ಕಿಬೀಳುವುದರಿಂದ. 1909ರಲ್ಲಿ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ಒಂದು ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ಅವಕೆಂಪನ್ನು ಸಲೀಸಾಗಿ ಬಿಡುವ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ಬಿಸಿಲಿಗಿಟ್ಟಾಗ ಎರಡರ ತಾಪದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಭೂಮಿಯ ವಾತಾವರಣದ ಆಚೆ ಬರೀ ಶೂನ್ಯವಿದೆ. ತನ್ನ ಬಿಸಿಯನ್ನು ಅದು ಅವಕೆಂಪು ಕಿರಣಗಳಾಗಿಯೇ ಹೊರಹಾಕಬೇಕು, ಬೇರೆ ಬಾಗಿಲಿಲ್ಲ. ಹಸಿರುಮನೆ ಎಂಬ ಹೆಸರು ಬಳಕೆಯಲ್ಲಿ ಉಳಿಯಲಿ, ಆದರೆ ಹೋಲಿಕೆ ಎಲ್ಲಿಯವರೆಗೆ ಸರಿ ಎಂದು ಕೈಪಿಡಿ ಹೇಳಲೇಬೇಕಿತ್ತು.

ಹಾಗಿದ್ದೂ ಈ ಕಿಟ್ ವ್ಯರ್ಥವಲ್ಲ, ಏಕೆಂದರೆ ಕೈಪಿಡಿ ಒಂದೇ ಪುಟದಲ್ಲಿ ಮುಗಿಸಿಬಿಡುವ ಅವಕೆಂಪು ಉಷ್ಣಮಾಪಕ ನಿಜಕ್ಕೂ ಅಮೂಲ್ಯವಾದದ್ದು. ಡಿಸೆಂಬರ್‌ನ ನಿರಭ್ರ ರಾತ್ರಿಯಲ್ಲಿ ಅದನ್ನು ನೆತ್ತಿಯ ಮೇಲಿನ ಆಕಾಶಕ್ಕೆ ಹಿಡಿದಾಗ ಸೊನ್ನೆಗಿಂತ ಹಲವು ಡಿಗ್ರಿ ಕೆಳಗೆ ತೋರಿಸಿತು. ಮೋಡದ ತುಣುಕೊಂದು ಹಾದುಹೋದಾಗ ಸಂಖ್ಯೆ ಒಮ್ಮೆಲೇ ಮೇಲೇರಿತು. ಮೋಡ ಕವಿದ ರಾತ್ರಿ ಚಳಿ ಕಡಿಮೆ ಎಂದು ಮನೆಯ ಹಿರಿಯರು ಹೇಳುವುದನ್ನು ಮಕ್ಕಳು ಅಂದು ಅಂಕಿಯಲ್ಲಿ ಓದಿದರು. ಜನವರಿಯಲ್ಲಿ ಕಾರವಾರಕ್ಕೆ ಹೋದಾಗ ಕಡಲತೀರದಲ್ಲಿ ನಿಂತು ಅಳೆದೆ; ಆಕಾಶ ಅಷ್ಟೇ ಶುಭ್ರವಾಗಿದ್ದರೂ, ತೇವ ತುಂಬಿದ ಆ ಗಾಳಿಯ ಕೆಳಗೆ ಮಾಪಕ ಶಿರಸಿಯಷ್ಟು ಕೆಳಕ್ಕೆ ಇಳಿಯಲಿಲ್ಲ. ಆಕಾಶದಿಂದ ನೆಲಕ್ಕೆ ಬಿಸಿ ಮರಳಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಶಾಲೆಯ ಮಟ್ಟದಲ್ಲಿ ಸಿಗುವುದು ಕಷ್ಟ. ಆದರೆ ಇಲ್ಲಿಯೂ ಕೈಪಿಡಿ ಎಡವಿದೆ. ಮಾಪಕ ತೋರಿಸುವುದು ಇಂಗಾಲದ ಡೈಆಕ್ಸೈಡಿನ ಬಿಸಿ ಎಂದು ಬರೆದಿದೆ. ಇಂಥ ಮಾಪಕಗಳು ಸಾಮಾನ್ಯವಾಗಿ 8ರಿಂದ 14 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ನಡುವಿನ ತರಂಗಾಂತರದ ಕಿರಣಗಳನ್ನು ಓದುತ್ತವೆ. ಇಂಗಾಲದ ಡೈಆಕ್ಸೈಡ್ ಬಲವಾಗಿ ಹೀರುವುದು 15 ಮೈಕ್ರಾನ್ ಸುತ್ತ. ಆದ್ದರಿಂದ ನಾವು ಕಂಡದ್ದು ಹೆಚ್ಚಾಗಿ ನೀರಾವಿಯ ಮತ್ತು ಮೋಡದ ಕೆಲಸ.

ವರ್ಧಿತ ಹಸಿರುಮನೆ ಪರಿಣಾಮ, ಅಂದರೆ ಮನುಷ್ಯರಿಂದಾಗಿ ಸಹಜಕ್ಕಿಂತ ಹೆಚ್ಚಾದ ಪರಿಣಾಮ, ಅರ್ಥವಾಗುವುದು ನೀರಾವಿಗೂ ಇಂಗಾಲದ ಡೈಆಕ್ಸೈಡಿಗೂ ಇರುವ ವ್ಯತ್ಯಾಸ ತಿಳಿದಾಗ ಮಾತ್ರ. ಸಹಜ ಹಸಿರುಮನೆ ಪರಿಣಾಮ ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪ ಮೈನಸ್ 18 ಡಿಗ್ರಿಯಷ್ಟು ಇರುತ್ತಿತ್ತು. ಈಗಿರುವುದು ಸುಮಾರು 15. ಇದರಲ್ಲಿ ದೊಡ್ಡ ಪಾಲು ನೀರಾವಿಯದು. ಆದರೆ ನೀರಾವಿ ಕೆಲವೇ ದಿನಗಳಲ್ಲಿ ಮಳೆಯಾಗಿ ಇಳಿಯುತ್ತದೆ, ಗಾಳಿಯಲ್ಲಿ ಅದು ಎಷ್ಟಿರಬೇಕೆಂಬುದನ್ನು ತಾಪವೇ ನಿರ್ಧರಿಸುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗೆ ಇಳಿದುಹೋಗುವುದಿಲ್ಲ; ನಾವು ಸುಟ್ಟ ಕಲ್ಲಿದ್ದಲು ಮತ್ತು ಎಣ್ಣೆಯಿಂದ ಸೇರಿದ್ದರಲ್ಲಿ ಗಣನೀಯ ಭಾಗ ಶತಮಾನಗಳ ಕಾಲ ಉಳಿಯುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ 280 ಅಣುಗಳಷ್ಟಿದ್ದದ್ದು, ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಸುಮಾರು 315 ಆಗಿತ್ತು. ಇಂದು 420 ದಾಟಿದೆ. ಇದರಿಂದ, ಅವಕೆಂಪು ಕಿರಣ ಕೊನೆಗೆ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುವ ಮಟ್ಟ ವಾತಾವರಣದಲ್ಲಿ ಇನ್ನಷ್ಟು ಮೇಲಕ್ಕೆ ಸರಿಯುತ್ತದೆ. ಅಲ್ಲಿ ಗಾಳಿ ಹೆಚ್ಚು ತಣ್ಣಗಿರುವುದರಿಂದ ಹೊರಗೆ ಹೋಗುವ ಬಿಸಿ ಕಡಿಮೆಯಾಗಿ, ಲೆಕ್ಕ ಸರಿಹೋಗುವವರೆಗೆ ನೆಲ ಬಿಸಿಯೇರುತ್ತದೆ. ಕೈಪಿಡಿ ಇದಕ್ಕೆಲ್ಲ ಕೊಟ್ಟಿರುವುದು ಅರ್ಧ ಪುಟ. ಅದರಲ್ಲಿಯೂ ಓಝೋನ್ ಪದರದ ರಂಧ್ರದಿಂದ ಬಿಸಿಲು ಒಳನುಗ್ಗುವ ಚಿತ್ರ ಹಾಕಿದ್ದಾರೆ. ಅದು ಬೇರೆಯೇ ಸಮಸ್ಯೆ; ಆ ಪುಟವನ್ನು ನಾನು ಮಕ್ಕಳ ಕೈಗೆ ಕೊಡಲಿಲ್ಲ. ಕೈಪಿಡಿಯಲ್ಲಿರುವ ಹಿಮಕರಡಿಯ ಚಿತ್ರದ ಜಾಗದಲ್ಲಿ ಎಡೆಬಿಡದ ಮಳೆಗೆ ಅಡಿಕೆ ತೋಟಕ್ಕೆ ಬರುವ ಕೊಳೆರೋಗದ ಚಿತ್ರವಿದ್ದಿದ್ದರೆ ನಮ್ಮ ಮಕ್ಕಳು ಇನ್ನಷ್ಟು ಪ್ರಶ್ನೆ ಕೇಳುತ್ತಿದ್ದರು.

ಸಾಮಗ್ರಿಯ ಗುಣಮಟ್ಟ ಒಟ್ಟಾರೆ ಚೆನ್ನಾಗಿದೆ. ಒಂದು ಡಿಜಿಟಲ್ ಉಷ್ಣಮಾಪಕ ಮೊದಲ ದಿನದಿಂದಲೂ ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ತಿಳಿಸಿದಾಗ ಮಾರಿದವರು ಎರಡು ವಾರದಲ್ಲಿ ಬದಲಿಸಿಕೊಟ್ಟರು. ಎರಡನ್ನೂ ಒಂದೇ ನೀರಿನಲ್ಲಿ ಅದ್ದಿ ಹೋಲಿಸಿ ನೋಡದೆ ಭರಣಿಯ ಪ್ರಯೋಗಕ್ಕೆ ಇಳಿಯಬೇಡಿ. ಶಾಲೆಯಲ್ಲಿ ಈಗಾಗಲೇ ಅವಕೆಂಪು ಉಷ್ಣಮಾಪಕ ಇದ್ದರೆ ಈ ಕಿಟ್ ಬೇಕಾಗಿಲ್ಲ. ಇಲ್ಲದಿದ್ದರೆ, ಅದೊಂದನ್ನೇ ಬಿಡಿಯಾಗಿ ಕೊಳ್ಳುವುದು ಅಗ್ಗ. ನಮ್ಮ ಶಾಲೆಯ ಮಾಪಕ ಈಗ ಪಾಲಿಹೌಸಿನ ಆ ಹುಡುಗನ ಮನೆಯಲ್ಲಿದೆ. ರಾತ್ರಿ ಎಂಟಕ್ಕೆ ಆಕಾಶದ ತಾಪವನ್ನೂ ಅಂಗಳದ ತಾಪವನ್ನೂ ಅವನು ಪುಸ್ತಕದಲ್ಲಿ ಬರೆದಿಡುತ್ತಿದ್ದಾನೆ.