ಕೂಡಿ ಲೋಕ ಕಟ್ಟೋಕೆ ಯಾವ ಆಟ? ನನ್ನ ಓಟು ಕ್ವಾಯಟ್ ಇಯರ್‌ಗೆ

ನಾಲ್ಕು ಜನ ಕೂತು, ಎಲ್ಲೂ ಇಲ್ಲದ ಒಂದು ಊರನ್ನು ಹೊಳೆದಂತೆ ಹೇಳುತ್ತಾ ಕಟ್ಟುವುದು ನಮ್ಮ ಗುಂಪಿನ ಹುಚ್ಚು. ಯಾರೂ ಮೊದಲೇ ಯೋಚಿಸಿಕೊಂಡು ಬರುವ ಹಾಗಿಲ್ಲ. ಕನಸಿನಲ್ಲಿ ಆಗುವ ಹಾಗೆ ಒಂದರಿಂದ ಇನ್ನೊಂದು ಹುಟ್ಟಬೇಕು. ಇದಕ್ಕೆ ಅಂತಲೇ ಡಿಕ್ಸಿಟ್ ಅನ್ನುವ ಚಿತ್ರದ ಕಾರ್ಡು ಕೊಂಡೆ, ಮೈಕ್ರೋಸ್ಕೋಪ್, ಕ್ವಾಯಟ್ ಇಯರ್ ಅನ್ನುವ ಲೋಕ ಕಟ್ಟುವ ಆಟಗಳನ್ನು ಕೊಂಡೆ. ಬಿಡಿಗಾಸೂ ಖರ್ಚಿಲ್ಲದ ಕಣ್ಮುಚ್ಚಿ ಆಟವನ್ನೂ ಆಡಿದೆವು. ಕೊಟ್ಟ ದುಡ್ಡು ಪೂರ್ತಿ ವಸೂಲಾಯಿತು ಅನ್ನಿಸಿದ್ದು ಕ್ವಾಯಟ್ ಇಯರ್‌ನಲ್ಲಿ. ಉಳಿದವು ಯಾಕೆ ಹಿಂದೆ ಬಿದ್ದವು ಅನ್ನುವುದನ್ನು ಮೊದಲು ಹೇಳುತ್ತೇನೆ.

ಕನಸಿನ ಗುಣ ಎಲ್ಲಕ್ಕಿಂತ ಜಾಸ್ತಿ ಇರುವುದು ಕಣ್ಮುಚ್ಚಿ ಆಡುವುದರಲ್ಲಿ. ದೀಪ ಆರಿಸಿ, ತಲೆಗಳು ಒಂದೆಡೆ ಸೇರುವ ಹಾಗೆ ನೆಲದ ಮೇಲೆ ಮಲಗುತ್ತೇವೆ. ಒಬ್ಬರು ತಮಗೆ ಕಾಣುತ್ತಿರುವುದನ್ನು ಹೇಳುತ್ತಾರೆ: ‘ಮರಳು ಬೆಚ್ಚಗಿದೆ.’ ಇನ್ನೊಬ್ಬರು ಅದನ್ನು ಅಲ್ಲಗಳೆಯದೆ ಮುಂದುವರಿಸುತ್ತಾರೆ: ‘ಹೌದು, ಮರಳಿನ ಕೆಳಗೆ ಯಾರೋ ನಡೆಯುತ್ತಿದ್ದಾರೆ.’ ಬರೆದಿಟ್ಟ ಮಾತಿಲ್ಲದೆ ವೇದಿಕೆಯಲ್ಲೇ ಹುಟ್ಟಿಸಿ ಆಡುವ ಇಂಪ್ರೊವ್ ನಾಟಕದವರು ಮೊದಲ ಪಾಠದಲ್ಲೇ ಕಲಿಸುವ ‘ಹೌದು, ಮತ್ತೆ’ ಸೂತ್ರ ಇದೇ. ಅವರದೇ ಇನ್ನೊಂದು ಅಭ್ಯಾಸ ಇನ್ವೊಕೇಶನ್. ಒಂದು ವಸ್ತುವನ್ನು ಹಿಡಿದು ಮೊದಲು ‘ಅದು ಹೀಗಿದೆ’ ಅನ್ನಬೇಕು, ಆಮೇಲೆ ‘ನೀನು ಹೀಗಿದ್ದೀಯ’, ಕೊನೆಗೆ ‘ನಾನೇ ಅದು’. ನಮ್ಮಲ್ಲಿ ಒಬ್ಬಳು ‘ನಾನು ಈ ಊರಿನ ಬಾವಿ, ನನ್ನೊಳಗೆ ಬಿದ್ದ ಹೆಸರುಗಳನ್ನೆಲ್ಲ ಇಟ್ಟುಕೊಂಡಿದ್ದೇನೆ’ ಅಂದಾಗ ನನಗೆ ಮೈ ಜುಮ್ಮೆಂದಿತು. ಅಂಥ ಸಾಲು ಪೆನ್ನು ಹಿಡಿದು ಕೂತರೆ ಬರುವುದಿಲ್ಲ.

ಆದರೆ ಇದರಲ್ಲಿ ಒಂದು ತೊಡಕಿದೆ. ಕಣ್ಣು ಬಿಟ್ಟ ಮೇಲಷ್ಟೇ ಅದು ಗೊತ್ತಾಗುತ್ತದೆ.

ಒಮ್ಮೆ ಯಾರೋ ‘ಗಂಟೆ ಕೇಳಿಸುತ್ತಿದೆ’ ಅಂದರು. ಎಲ್ಲರೂ ಆ ಗಂಟೆಗೆ ಒಂದೊಂದು ಸೇರಿಸಿದೆವು. ಅದರ ಸದ್ದಿಗೆ ಜನ ಮಲಗುತ್ತಾರೆ, ಅದು ನಿಂತ ದಿನ ಯಾರೂ ಮಾತಾಡುವುದಿಲ್ಲ, ಅದರೊಳಗೆ ತಣ್ಣಗಿದೆ. ಆಟ ಸೊಗಸಾಗಿ ಹೋಯಿತು. ಕಣ್ಣು ಬಿಟ್ಟು ಮಾತಾಡಿದಾಗ ನೋಡಿದರೆ ನನ್ನ ಗಂಟೆ ನೀರಿನಡಿಯಲ್ಲಿತ್ತು. ಪಕ್ಕದವಳದು ಮನೆಯಷ್ಟು ದೊಡ್ಡದು, ಊರವರೆಲ್ಲ ಅದರೊಳಗೇ ವಾಸ. ಮೂರನೆಯವನಿಗೆ ಕಂಡದ್ದು ಮೇಕೆಯ ಕೊರಳಿನ ಪುಟ್ಟ ಗಂಟೆ. ಅಷ್ಟು ಹೊತ್ತು ಒಂದೇ ಊರಿನಲ್ಲಿ ಓಡಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಇದ್ದದ್ದು ನಾಲ್ಕು ಊರು.

ಅವತ್ತಿನ ಮಟ್ಟಿಗೆ ಇದರಿಂದ ನಷ್ಟವೇನಿಲ್ಲ, ಚೆನ್ನಾಗಿಯೇ ಇರುತ್ತದೆ. ಮುಂದಿನ ವಾರ ಅದೇ ಲೋಕಕ್ಕೆ ವಾಪಸ್ ಹೋಗಬೇಕು ಅಂದಾಗ ಕಷ್ಟ ಶುರು. ಯಾವ ಗಂಟೆಯನ್ನು ಇಟ್ಟುಕೊಳ್ಳುವುದು? ಆಗ ಚರ್ಚೆ ಹತ್ತಿಕೊಳ್ಳುತ್ತದೆ. ಚರ್ಚೆಯಲ್ಲಿ ಗೆಲ್ಲುವುದು ಜೋರು ದನಿಯವರ ಗಂಟೆ, ಒಳ್ಳೆಯ ಗಂಟೆಯೇ ಗೆಲ್ಲಬೇಕೆಂದಿಲ್ಲ. ಮೆತ್ತಗೆ ಮಾತಾಡುವವರು ‘ಇರಲಿ ಬಿಡಿ, ನಿಮ್ಮದೇ ಆಗಲಿ’ ಅಂತ ಸುಮ್ಮನಾಗುತ್ತಾರೆ. ಅಲ್ಲಿಂದ ಮುಂದೆ ಆ ಲೋಕದ ಮೇಲೆ ಅವರಿಗೆ ಮನಸ್ಸಿರುವುದಿಲ್ಲ.

ಇದನ್ನು ಸರಿಪಡಿಸಲು ಏನೇನೋ ಮಾಡಿ ನೋಡಿದೆವು. ಒಬ್ಬರನ್ನು ಕಣ್ಣು ತೆರೆದು ಬರೆದುಕೊಳ್ಳಲು ಕೂರಿಸಿದೆವು. ಪೆನ್ನಿನ ಸರಸರ ಸದ್ದಿಗೇ ಉಳಿದವರು ನಾಟಕೀಯವಾಗಿ ಮಾತಾಡತೊಡಗಿದರು. ಬರೆಯುವವರಿಗೋ ಕನಸೇ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಒಂದು ತಾಸಿನ ಆಟ ಕೇಳಲು ಇನ್ನೊಂದು ತಾಸು ಬೇಕು, ಯಾರೂ ಕೇಳಲಿಲ್ಲ. ಸ್ವಲ್ಪ ಮಟ್ಟಿಗೆ ಫಲ ಕೊಟ್ಟದ್ದು ಇದೊಂದೇ: ಕಣ್ಣು ಬಿಟ್ಟ ಕೂಡಲೇ ಯಾರೂ ಮಾತಾಡದೆ, ತಮಗೆ ಗಟ್ಟಿಯಾಗಿ ನೆನಪಿರುವ ಮೂರು ಸಂಗತಿಯನ್ನು ಬರೆದು ನಡುವೆ ಇಡುವುದು. ಹೊಂದಿಕೆಯಾಗದ ಸಂಗತಿಗಳನ್ನು ಬೇರೆ ಬೇರೆ ಕೇರಿಯವರ ನಂಬಿಕೆ ಅಂತ ಇಟ್ಟುಕೊಂಡೆವು. ಆದರೂ ಅರ್ಧಕ್ಕರ್ಧ ಕಳೆದೇಹೋಗುತ್ತದೆ.

ಡಿಕ್ಸಿಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2010ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಗೆದ್ದದ್ದು. ಪೆಟ್ಟಿಗೆಯಲ್ಲಿ ಕನಸಿನಂಥ 84 ಚಿತ್ರಗಳಿವೆ. ನಾವು ಅಂಕದ ಆಟ ಬಿಟ್ಟು, ಒಂದೊಂದು ಕಾರ್ಡು ಎತ್ತಿ ‘ಇದು ನಮ್ಮ ಲೋಕದ ಒಂದು ಮೂಲೆ’ ಅಂತ ಹೇಳುತ್ತಾ ಹೋದೆವು. ಮಾತು ಬೇಗ ಹೊರಡುತ್ತದೆ, ಹೊಸಬರಿಗೂ ಸಲೀಸು. ಆದರೆ ಕನಸು ಚಿತ್ರ ಬರೆದವರದು, ನಾವು ಅದಕ್ಕೆ ಅಡಿಬರಹ ಹಾಕಿದಂತೆ. ಕಾರ್ಡುಗಳು ಬಾಯಿಪಾಠವಾದ ಮೇಲೆ ಹೊಸ ಪೆಟ್ಟಿಗೆ ಕೊಳ್ಳಬೇಕು, ನನ್ನ ಜೇಬಿಗೆ ಅದು ಆಗದ ಮಾತು.

ಕಾಗದ ಮಡಿಚಿ ಒಬ್ಬರ ಸಾಲು ಇನ್ನೊಬ್ಬರಿಗೆ ಕಾಣದಂತೆ ಬರೆಯುವ ಆಟ 1925ರ ಸುಮಾರಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟರು, ಅಂದರೆ ಕನಸನ್ನೇ ಕಲೆಯಾಗಿಸಿದ ಲೇಖಕ-ಕಲಾವಿದರು, ಆಡಿಕೊಂಡು ಬಂದದ್ದು. ಶುರುವಿಗೆ ಮೈ ಬಿಸಿ ಮಾಡಿಕೊಳ್ಳಲು ಸಾಕು, ಲೋಕ ಕಟ್ಟಲು ಸಾಲದು.

ಮೈಕ್ರೋಸ್ಕೋಪ್ ಗಟ್ಟಿ ಆಟ. ಬೆನ್ ರಾಬಿನ್ಸ್ ಅವರದು, 2011ರಲ್ಲಿ ಬಂತು. ಇದರಲ್ಲಿ ಒಂದು ಲೋಕದ ಇಡೀ ಇತಿಹಾಸ ಕಟ್ಟುತ್ತೀರಿ. ಮೊದಲೇ ಆರಂಭ ಮತ್ತು ಅಂತ್ಯ ನಿಗದಿ ಮಾಡುತ್ತೀರಿ, ಆಮೇಲೆ ನಡುವೆ ಎಲ್ಲಿ ಬೇಕಾದರೂ ಕೈ ಹಾಕಬಹುದು. ಸಾವಿರ ವರ್ಷ ಹಿಂದಕ್ಕೆ ಹಾರಿ, ಈಗಾಗಲೇ ಸುಟ್ಟುಹೋದ ಪಟ್ಟಣದ ಮೊದಲ ಮದುವೆಯನ್ನು ತೋರಿಸಬಹುದು. ಆ ಸುಖ ಬೇರೆ ಯಾವ ಆಟದಲ್ಲೂ ಸಿಗಲಿಲ್ಲ. ಈ ಲೋಕದಲ್ಲಿ ಏನಿರಬೇಕು, ಏನು ಕೂಡದು ಅಂತ ಆಟಕ್ಕೆ ಮೊದಲೇ ಒಂದು ಪಟ್ಟಿ ಮಾಡುವುದೂ ಒಳ್ಳೆಯ ಅಭ್ಯಾಸ. ಆದರೆ ನಮ್ಮ ಕೈಯಲ್ಲಿ ಇದು ಲೆಕ್ಕ ಬರೆದ ಹಾಗಾಯಿತು. ಇದು ಯುಗದ ಕಾರ್ಡೋ ಘಟನೆಯ ಕಾರ್ಡೋ, ಎಲ್ಲಿ ಇಡಬೇಕು, ಅದರ ಧಾಟಿ ಬೆಳಕಿನದೋ ಕತ್ತಲಿನದೋ ಅಂತ ಪ್ರತಿ ಸಲ ಯೋಚಿಸಬೇಕು. ಯೋಚನೆ ಬಂತೆಂದರೆ ಕನಸು ಹೋಯಿತು. ದೃಶ್ಯ ಬಂದಾಗ ಪಾತ್ರವಾಗಿ ಮಾತಾಡಬೇಕು, ನಮ್ಮಲ್ಲಿ ಇಬ್ಬರು ಅಲ್ಲಿ ಕಲ್ಲಾಗಿಬಿಡುತ್ತಾರೆ. ಕಾದಂಬರಿ ಬರೆಯುವವರಿಗೆ ಇದು ಹೇಳಿ ಮಾಡಿಸಿದ್ದು.

ಇನ್ನು ಕ್ವಾಯಟ್ ಇಯರ್. ಏವರಿ ಆಲ್ಡರ್ 2013ರಲ್ಲಿ ತಂದ ಆಟ. ಯುದ್ಧ ಮುಗಿಸಿ ಉಸಿರು ಬಿಟ್ಟ ಒಂದು ಸಣ್ಣ ಸಮುದಾಯಕ್ಕೆ ಒಂದು ವರ್ಷದ ನೆಮ್ಮದಿ ಸಿಕ್ಕಿದೆ. 52 ವಾರಕ್ಕೆ 52 ಇಸ್ಪೀಟೆಲೆ. ಹಾರ್ಟ್ಸ್ ವಸಂತ, ಡೈಮಂಡ್ ಬೇಸಿಗೆ, ಕ್ಲಬ್ಸ್ ಶರತ್ಕಾಲ, ಸ್ಪೇಡ್ಸ್ ಚಳಿಗಾಲ. ಎಲೆ ಎತ್ತಿ ಅದಕ್ಕೆ ಪುಸ್ತಕದಲ್ಲಿರುವ ಪ್ರಶ್ನೆಗೆ ಉತ್ತರ ಕೊಟ್ಟು, ನಡುವೆ ಹಾಸಿದ ಒಂದೇ ಕಾಗದದ ಮೇಲೆ ಚಿತ್ರ ಬಿಡಿಸಬೇಕು. ಚಳಿಗಾಲದಲ್ಲಿ ಸ್ಪೇಡ್ ರಾಜ ಬಂದ ಕ್ಷಣ ‘ಹಿಮದ ಕುರುಬರು’ ಅನ್ನುವವರು ಬರುತ್ತಾರೆ (ಅವರು ಯಾರು ಅಂತ ಪುಸ್ತಕ ಹೇಳುವುದಿಲ್ಲ), ಆಟ ಅಲ್ಲಿಗೇ ನಿಲ್ಲುತ್ತದೆ. ಆ ರಾಜ ಯಾವ ವಾರ ಬರುತ್ತಾನೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಚಳಿಗಾಲದ ಮೊದಲ ಎಲೆಯಿಂದಲೇ ಎಲ್ಲರೂ ಉಸಿರು ಬಿಗಿ ಹಿಡಿಯುತ್ತಾರೆ.

ನನಗೆ ಇದರಲ್ಲಿ ಬಲು ಇಷ್ಟವಾದದ್ದು ಬಾಯಿ ಮುಚ್ಚಿಸುವ ನಿಯಮ. ಒಬ್ಬರ ಸರದಿಯಲ್ಲಿ ಉಳಿದವರು ಸಲಹೆ ಕೊಡುವ ಹಾಗಿಲ್ಲ. ಮಾತಾಡಲೇಬೇಕಿದ್ದರೆ ತಮ್ಮ ಸರದಿಯನ್ನು ಖರ್ಚು ಮಾಡಿ ‘ಚರ್ಚೆ’ ಕರೆಯಬೇಕು. ಅದರಲ್ಲೂ ಒಬ್ಬೊಬ್ಬರಿಗೆ ಒಂದೇ ಸಲ ಮಾತು, ಒಂದೆರಡು ವಾಕ್ಯ. ತೀರ್ಮಾನ ಆಗಲೇಬೇಕು ಅಂತಿಲ್ಲ. ಬೇಜಾರಾದವರು ಒಂದು ಕಾಯಿ ತೆಗೆದು ಮುಂದೆ ಇಟ್ಟುಕೊಳ್ಳಬಹುದು, ಅಸಮಾಧಾನಕ್ಕೆ ಆ ಕಾಯೇ ಗುರುತು. ಜೋರು ದನಿಯ ಗೆಳೆಯನೂ ಮೆಲುದನಿಯ ಗೆಳತಿಯೂ ಇಲ್ಲಿ ಸಮಸಮ. ಮೈಕ್ರೋಸ್ಕೋಪ್‌ನಲ್ಲೂ ಸಲಹೆ ಕೊಡಬಾರದು ಅನ್ನುವ ನಿಯಮವಿದೆ, ಆದರೆ ನಕ್ಷೆ ಇಲ್ಲ.

ನಕ್ಷೆ ಏನು ಮಾಡುತ್ತದೆ ನೋಡಿ. ವಸಂತದಲ್ಲಿ ನಮ್ಮ ಗುಂಪಿನಲ್ಲಿ ಕಡಿಮೆ ಮಾತಾಡುವವಳು ಕೆರೆಯೊಳಗೆ ಇಳಿದುಹೋಗುವ ಮೆಟ್ಟಿಲು ಬಿಡಿಸಿದಳು. ಏನೂ ವಿವರಿಸಲಿಲ್ಲ. ಯಾಕೆ ಅಂತ ಕೇಳುವ ಹಾಗಿಲ್ಲವಲ್ಲ, ಸುಮ್ಮನಾದೆವು. ಬೇಸಿಗೆಯಲ್ಲಿ ಇನ್ನೊಬ್ಬ ಆ ಮೆಟ್ಟಿಲ ಮೇಲೆ ಸಾಲಾಗಿ ಚಪ್ಪಲಿ ಬಿಡಿಸಿದ, ಮೀನುಗಾರರು ಬಿಟ್ಟುಹೋದದ್ದು ಅಂದ. ಶರತ್ಕಾಲದಲ್ಲಿ ನನಗೆ ಬಂದ ಎಲೆಯ ಉತ್ತರವಾಗಿ, ಊರಿನ ಜನಕ್ಕಿಂತ ಚಪ್ಪಲಿ ಜಾಸ್ತಿ ಇದೆ ಅಂತ ಬರೆದೆ. ಅಲ್ಲಿಂದ ಮುಂದೆ ಊರವರು ಕಟ್ಟುತ್ತಿದ್ದ ಸೇತುವೆಯ ಕೆಲಸ ನಿಂತಿತು. ಊರವರೆಲ್ಲ ಸಂಜೆ ಕೆರೆಗೆ ಹೋಗಿ ಚಪ್ಪಲಿ ಎಣಿಸುವುದೇ ಆಯಿತು. ನಾಲ್ಕು ಜನರಲ್ಲಿ ಒಬ್ಬರೂ ಇದನ್ನು ಒಂಟಿಯಾಗಿ ಯೋಚಿಸುತ್ತಿರಲಿಲ್ಲ. ಕೂತು ಚರ್ಚಿಸಿದ್ದರಂತೂ ಮೆಟ್ಟಿಲಿಗೆ ಮೊದಲ ದಿನವೇ ಕಾರಣ ಹುಡುಕಿ ಸಾಯಿಸಿಬಿಡುತ್ತಿದ್ದೆವು. ಗಂಟೆಯ ಹಾಗೆ ನಾಲ್ಕು ತಲೆಯಲ್ಲಿ ನಾಲ್ಕಾಗುವ ಭಯವೂ ಇಲ್ಲ. ಮೆಟ್ಟಿಲು ಎಲ್ಲಿದೆ, ಎಷ್ಟು ದೊಡ್ಡದು ಅನ್ನುವುದು ಕಾಗದದ ಮೇಲೆ ಎಲ್ಲರ ಕಣ್ಣೆದುರಿಗೇ ಇದೆ. ಯಾಕಿದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಲೋಕವೂ ಉಳಿಯಿತು, ಕನಸೂ ಉಳಿಯಿತು.

ಚಿತ್ರ ಬರೆಯಲು ಬರುವುದಿಲ್ಲ ಅಂತ ಹಿಂಜರಿಯಬೇಡಿ. ಗೀಚಿದರೆ ಸಾಕು.

ಕೊರತೆ ಅಂದರೆ ಸಮಯ. ಪೂರ್ತಿ ಆಟಕ್ಕೆ ಮೂರು–ನಾಲ್ಕು ಗಂಟೆ ಹಿಡಿಯುತ್ತದೆ. ನಾವು ಕೆಲಸ ಮುಗಿಸಿ ಸಂಜೆ ಸೇರುವವರು, ಹಾಗಾಗಿ ಸ್ಪೇಡ್ ರಾಜನನ್ನು ಮುಟ್ಟದೆ ಪ್ರತಿ ಋತುವಿನಿಂದ ಒಂದಷ್ಟು ಎಲೆ ತೆಗೆದಿಟ್ಟು ಆಡುತ್ತೇವೆ. ನಾಲ್ಕು ಜನಕ್ಕಿಂತ ಹೆಚ್ಚಿದ್ದರೂ ಇದು ಆಗುವುದಿಲ್ಲ, ಸರದಿ ಕಾಯುವುದರಲ್ಲೇ ಕನಸು ಆರಿಹೋಗುತ್ತದೆ. ಅಂಥ ದಿನ ಕಣ್ಮುಚ್ಚಿ ಆಟವೇ ಸರಿ.

ಖರ್ಚಿನ ಲೆಕ್ಕದಲ್ಲೂ ಇದೇ ಮುಂದೆ. ನಿಯಮಗಳು ಪಿಡಿಎಫ್ ಆಗಿ ಸಿಗುತ್ತವೆ. ಮನೆಯಲ್ಲಿರುವ ಇಸ್ಪೀಟು ಪ್ಯಾಕು, ಕೆಲವು ದಾಳ, ಕಾಯಿಗೆ ಬದಲು ಅಂಗಿಯ ಗುಂಡಿ, ಒಂದು ದೊಡ್ಡ ಹಾಳೆ, ಪೆನ್ಸಿಲ್. ಪೆಟ್ಟಿಗೆ ಕೊಳ್ಳುವ ಅಗತ್ಯ ನನಗೆ ಬೀಳಲಿಲ್ಲ. ಈಗ ನಮ್ಮ ಪದ್ಧತಿ ಹೀಗಿದೆ: ಮೊದಲು ಹತ್ತು ನಿಮಿಷ ದೀಪ ಆರಿಸಿ ಕಣ್ಮುಚ್ಚಿ ಆಡುತ್ತೇವೆ, ಆಮೇಲೆ ಮಾತಿಲ್ಲದೆ ಎದ್ದು ಹಾಳೆ ಹಾಸಿ ಮೊದಲ ಎಲೆ ಎತ್ತುತ್ತೇವೆ. ನಿಮ್ಮ ಗುಂಪಿನಲ್ಲಿ ಎಲ್ಲರೂ ಮಾತುಗಾರರೇ ಆಗಿದ್ದು, ಇತಿಹಾಸ ಅಂದರೆ ಪ್ರಾಣ ಅನ್ನುವವರಾದರೆ ಮೈಕ್ರೋಸ್ಕೋಪ್ ಕೊಳ್ಳಿ. ಡಿಕ್ಸಿಟ್ ಮಾತ್ರ ಇದಕ್ಕೆ ಅಂತಲೇ ಕೊಳ್ಳಬೇಡಿ, ಗೆಳೆಯರ ಬಳಿ ಇದ್ದರೆ ಒಂದು ಸಂಜೆಗೆ ಕೇಳಿ ತನ್ನಿ.