ತೆಂಗಿನ ತೋಟಕ್ಕೆ ಸ್ಲ್ಯಾಶರ್: ಅಗಲ ಆಮೇಲೆ, ಗೇರ್‌ಬಾಕ್ಸ್ ಮೊದಲು

ನಮ್ಮ ತಿಪಟೂರು ಕಡೆ ಟ್ರ್ಯಾಕ್ಟರ್ ಇದ್ದವರ ಮನೇಲಿ ಮಣ್ಣು ಪುಡಿ ಮಾಡೋ ರೋಟವೇಟರ್ ಇದ್ದೇ ಇರುತ್ತೆ. ತೋಟದಲ್ಲಿ ಕಳೆ ಎದ್ದರೂ ರೋಟವೇಟರ್, ಮಳೆ ಬಿದ್ದರೂ ರೋಟವೇಟರ್. ನಮ್ಮ ತೋಟ ಇಳಿಜಾರು. ಹೊಡೆಸಿ ಹೊಡೆಸಿ ಪುಡಿಯಾದ ಮೇಲ್ಮಣ್ಣು ಪ್ರತಿ ದೊಡ್ಡ ಮಳೆಗೂ ಕೆಳಗಿನವರ ಹೊಲ ಸೇರ್ತಿತ್ತು. ಹುಲ್ಲನ್ನ ಬೇರು ಸಮೇತ ಕೀಳೋ ಬದಲು ಮೇಲಿಂದ ಕತ್ತರಿಸಿ ಅಲ್ಲೇ ಹೊದಿಕೆಯಾಗಿ ಬಿಡೋಣ ಅಂತ ಹೋದ ಮುಂಗಾರಿಗೆ ಮುಂಚೆ ಒಂದು 5 ಅಡಿ ಅಗಲದ ಸ್ಲ್ಯಾಶರ್, ಅಂದರೆ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸೋ ಹುಲ್ಲು ಕತ್ತರಿಸೋ ಯಂತ್ರ ತಂದೆ. ಮಳೆಗಾಲ ಪೂರ್ತಿ ಓಡಿಸಿ ಆಯ್ತು, ಅದಕ್ಕೇ ಈಗ ಬರೀತಿದ್ದೀನಿ. ಕಂಪನಿ ಹೆಸರು ಹೇಳಲ್ಲ. ಈ ಯಂತ್ರಗಳಲ್ಲಿ ಹೆಸರಿಗಿಂತ ಒಳಗಿನ ಸಾಮಾನು ಮುಖ್ಯ.

ಅಂಗಡೀಲಿ ಮೊದಲು ಬಂದ ಪ್ರಶ್ನೆ, "ಮೇಡಂ, ಯಜಮಾನ್ರು ಬಂದಿಲ್ವಾ?" ಎರಡನೇದು, "ಆರಡೀದು ತಗೊಳ್ಳಿ, ಕೆಲಸ ಬೇಗ ಆಗುತ್ತೆ." ಎರಡಕ್ಕೂ ಉತ್ತರ ಒಂದೇ: ಇಲ್ಲ. ನಮ್ಮದು ಮಹೀಂದ್ರಾ 275. ಎಂಜಿನ್ 39 ಎಚ್‌ಪಿ ಅಂತಾರೆ, ಆದರೆ ಪಿಟಿಓಗೆ, ಅಂದರೆ ಹಿಂದಿನ ಯಂತ್ರವನ್ನ ತಿರುಗಿಸೋ ಟ್ರ್ಯಾಕ್ಟರಿನ ಶಾಫ್ಟಿಗೆ, ಬಂದು ಮುಟ್ಟೋದು 33ರ ಆಸುಪಾಸು. ಸ್ಲ್ಯಾಶರಿಗೆ ಒಂದಡಿ ಅಗಲಕ್ಕೆ ಐದು ಎಚ್‌ಪಿ ಅಂತ ಲೆಕ್ಕ ಹಾಕೋದು ಬರೀ ಹುಲ್ಲಿಗಾದರೆ ಸರಿ. ನಮ್ಮ ತೋಟದಲ್ಲಿ ಹುಲ್ಲಿನ ಜೊತೆ ಗರಿ, ಮಟ್ಟೆ, ಬದುವಿನ ಮೇಲೆ ಲಂಟಾನ ಎಲ್ಲಾ ಇರುತ್ತೆ. ಆರಡೀದು ಹಾಕಿದ್ದರೆ ಗರಿ ಗುಪ್ಪೆ ಸಿಕ್ಕಿದ ಕಡೆಯೆಲ್ಲ ಎಂಜಿನ್ ಉಸಿರುಗಟ್ಟಿ ನಿಲ್ಲೋದು. ಮೂವತ್ತಡಿ ಅಂತರದ ಹಳೇ ತೋಟದಲ್ಲಿ ಐದಡಿಗೂ ಆರಡಿಗೂ ಸಾಲಿಗೆ ಒಂದು ಸುತ್ತು ವ್ಯತ್ಯಾಸ ಅಷ್ಟೇ.

ಅಗಲಕ್ಕಿಂತ ಮುಂಚೆ ಕೇಳಬೇಕಾದ್ದು ಗೇರ್‌ಬಾಕ್ಸ್ ಎಷ್ಟು ಎಚ್‌ಪಿ ತಡ್ಕೊಳ್ಳುತ್ತೆ ಅಂತ. ಪಟ್ಟಿಯಲ್ಲಿ ಬರೆದಿರೋದನ್ನ ಓದಿ, ಬಾಯಿಮಾತು ನಂಬಬೇಡಿ. ಆಮೇಲೆ ಯಂತ್ರ ಎತ್ತಿಸಿ ಅಡಿಗೆ ಬಗ್ಗಿ ನೋಡಿ. ಗೇರ್‌ಬಾಕ್ಸಿಂದ ಕೆಳಗೆ ಬರೋ ಶಾಫ್ಟಿಗೆ ಕೆಲವದರಲ್ಲಿ ಒಂದು ಉದ್ದ ಪಟ್ಟಿ ಹಾಕಿ ಅದರ ಎರಡು ತುದಿಗೆ ಬ್ಲೇಡ್ ಸಿಕ್ಕಿಸಿರ್ತಾರೆ, ಕೆಲವದರಲ್ಲಿ ತಟ್ಟೆಯಾಕಾರದ ದಪ್ಪ ಉಕ್ಕಿನ ಪ್ಯಾನ್ ಇರುತ್ತೆ. ತೋಟದಲ್ಲಿ ಕಲ್ಲು, ಕೊರಡು, ಬಿದ್ದ ಕಾಯಿ ಇದ್ದೇ ಇರುತ್ತವೆ. ಪ್ಯಾನ್ ಇದ್ದರೆ ಅಡ್ಡ ಸಿಕ್ಕಿದ್ದರ ಮೇಲೆ ಜಾರಿಕೊಂಡು ಹೋಗುತ್ತೆ, ಪಟ್ಟಿ ಆದರೆ ನೇರ ಹೋಗಿ ಹೊಡೆಯುತ್ತೆ. ನಾನು ಪ್ಯಾನ್ ಇರೋದನ್ನೇ ಆರಿಸಿದೆ. ಬ್ಲೇಡನ್ನ ಕೈಲಿ ತಳ್ಳಿದರೆ ಹಿಂದಕ್ಕೆ ಮಡಚಬೇಕು. ಕಲ್ಲಿಗೆ ತಗುಲಿದಾಗ ಮಡಚಿಕೊಂಡರೇ ಗೇರ್‌ಬಾಕ್ಸ್ ಉಳಿಯೋದು.

ಇನ್ನು ಕ್ಲಚ್ಚಿನ ವಿಷಯ. ಇದನ್ನ ಯಾವ ಡೀಲರೂ ತಾವಾಗೇ ಹೇಳಲಿಲ್ಲ. ನಮ್ಮ ಟ್ರ್ಯಾಕ್ಟರಿಗೆ ಸಿಂಗಲ್ ಕ್ಲಚ್, ಚಕ್ರಕ್ಕೂ ಪಿಟಿಓಗೂ ಸೇರಿ ಒಂದೇ. ರೋಟವೇಟರಿಗೆ ಅದರಿಂದ ತೊಂದರೆ ಇಲ್ಲ, ಮಣ್ಣೇ ಹಿಡಿದು ನಿಲ್ಲಿಸುತ್ತೆ. ಸ್ಲ್ಯಾಶರ್ ಹಾಗಲ್ಲ. ಭಾರದ ಬ್ಲೇಡು ಗಾಳೀಲಿ ತಿರುಗ್ತಿರುತ್ತೆ. ಕ್ಲಚ್ ಒತ್ತಿದರೆ ಎಂಜಿನ್ ಬಿಟ್ಟುಕೊಳ್ಳುತ್ತೆ, ಆದರೆ ತಿರುಗ್ತಿರೋ ಬ್ಲೇಡಿನ ರಭಸ ಪಿಟಿಓದಿಂದ ವಾಪಸ್ಸು ಬಂದು ಚಕ್ರವನ್ನ ತಿರುಗಿಸುತ್ತೆ. ನೀವು ಕ್ಲಚ್ ಒತ್ತಿ ಕೂತಿದ್ದೀರಿ, ಟ್ರ್ಯಾಕ್ಟರ್ ಮಾತ್ರ ತೆಂಗಿನ ಮರದ ಕಡೆ ಹೋಗ್ತಾನೇ ಇರುತ್ತೆ. ಇದಕ್ಕೆ ಪರಿಹಾರ ಓವರ್‌ರನ್ನಿಂಗ್ ಕ್ಲಚ್. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ: ಟ್ರ್ಯಾಕ್ಟರ್ ಬ್ಲೇಡನ್ನ ತಿರುಗಿಸಬಹುದು, ಬ್ಲೇಡು ಟ್ರ್ಯಾಕ್ಟರನ್ನ ತಳ್ಳೋ ಹಾಗಿಲ್ಲ. ಶಾಫ್ಟಿನ ಜೊತೆ ಬರದಿದ್ದರೆ ಬೇರೆ ತಗೊಂಡಾದರೂ ಹಾಕಿಸಿ. ಡ್ಯುಯಲ್ ಕ್ಲಚ್ ಇರೋ ಟ್ರ್ಯಾಕ್ಟರಾದರೆ ಈ ತಲೆಬಿಸಿ ಕಡಿಮೆ.

ಟ್ರ್ಯಾಕ್ಟರಿಂದ ಸ್ಲ್ಯಾಶರಿಗೆ ಜೋಡಿಸೋ ಪಿಟಿಓ ಶಾಫ್ಟ್ ಅಂದರೆ ಒಂದರೊಳಗೊಂದು ಜಾರೋ ಎರಡು ಕೊಳವೆ, ಅದನ್ನ ಬಂದ ಹಾಗೇ ಸಿಕ್ಕಿಸಬೇಡಿ. ಯಂತ್ರ ಎತ್ತಿ ಇಳಿಸಿ ನೋಡಿ, ಶಾಫ್ಟ್ ಅತಿ ಗಿಡ್ಡ ಆಗೋ ಜಾಗದಲ್ಲೂ ಎರಡು ಕೊಳವೆ ಒಂದಕ್ಕೊಂದು ಕಚ್ಚಿ ಗುದ್ದಬಾರದು. ಉದ್ದ ಹೆಚ್ಚಿದ್ದರೆ ಎರಡೂ ಕಡೆ ಸಮನಾಗಿ ಕತ್ತರಿಸಬೇಕು. ಅತಿ ಉದ್ದ ಆಗೋ ಜಾಗದಲ್ಲಿ ಮೂರರಲ್ಲಿ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಶಾಫ್ಟಿನ ಮೇಲೆ ಕಾವಲಿಗೆ ಹಾಕಿರೋ ಪ್ಲಾಸ್ಟಿಕ್ ಕೊಳವೆಯನ್ನ "ಅಡ್ಡ ಬರುತ್ತೆ" ಅಂತ ಕಿತ್ತು ಬಿಸಾಕೋ ಚಟ ನಮ್ಮಲ್ಲಿದೆ. ಪಂಚೆ, ಟವೆಲ್ಲು, ಸೀರೆ ಸೆರಗು ಸುತ್ತಿಕೊಳ್ಳೋದು ಅಲ್ಲೇ.

ಮೆಚ್ಚುಗೆ ಆಗಿದ್ದು ಏನು ಅಂದರೆ, ಮೊಣಕಾಲುದ್ದ ಹುಲ್ಲು, ಕಾಂಗ್ರೆಸ್ ಗಿಡ ಎರಡಕ್ಕೂ ಯಂತ್ರ ಅಂಜಲ್ಲ. ಕಾಂಗ್ರೆಸ್ ಹೂ ಬಿಡೋಕೆ ಮುಂಚೆ ಹೊಡೆಯಬೇಕು, ಬೀಜ ಉದುರಿದ ಮೇಲೆ ಹೊಡೆದರೆ ಬಿತ್ತನೆ ಮಾಡಿದ ಹಾಗೇ. ನೆಲದಿಂದ ಮೂರು ಇಂಚು ಎತ್ತರಕ್ಕೆ ಇಟ್ಟು, ಟಾಪ್ ಲಿಂಕ್ (ಯಂತ್ರವನ್ನ ಮೇಲಿಂದ ಟ್ರ್ಯಾಕ್ಟರಿಗೆ ಹಿಡಿದಿರೋ ಸರಳು) ಸರಿಮಾಡಿ ಮುಂಭಾಗವನ್ನ ಹಿಂಭಾಗಕ್ಕಿಂತ ಒಂದಿಂಚು ತಗ್ಗಿಸಿದರೆ ಕಟಾವು ಚೊಕ್ಕ. ಹಿಂಭಾಗ ತಗ್ಗಿಸಿದರೆ ಹುಲ್ಲು ಒಳಗೇ ಸುತ್ತಿ ಹೆಚ್ಚು ನುಣ್ಣಗಾಗುತ್ತೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತೆ. ಈ ಮಳೆಗಾಲ ಇಳಿಜಾರಿನ ನೀರು ಮೊದಲಿನಷ್ಟು ಕೆಂಪಗೆ ಹರಿಯಲಿಲ್ಲ. ನನಗೆ ಅಷ್ಟು ಸಾಕು.

ಮೆಚ್ಚುಗೆ ಆಗದ್ದು ಗರಿಯ ಕೆಲಸ. ಒಣಗಿದ ಗರಿಯ ಎಲೆ ಭಾಗ ತುಂಡಾಗುತ್ತೆ, ಬುಡದ ದಪ್ಪ ಮಟ್ಟೆ ಎರಡು ತುಂಡಾಗಿ ಆಚೆ ಬೀಳುತ್ತೆ ಅಷ್ಟೇ. ಹಸಿ ಮಟ್ಟೆ ಅಂತೂ ತಿರುಚಿಕೊಂಡು ಹೊರಗೆ ಬರುತ್ತೆ. "ಗರಿ ಪುಡಿ ಮಾಡುತ್ತೆ" ಅಂತ ಮಾರಾಟದವರು ಹೇಳಿದ್ದು ಮಲ್ಚರಿನ ಗುಣ, ಸ್ಲ್ಯಾಶರಿನದ್ದಲ್ಲ. ಮಲ್ಚರಿನಲ್ಲಿ ಅಡ್ಡ ಶಾಫ್ಟಿಗೆ ಸಾಲಾಗಿ ಸುತ್ತಿಗೆ ಬ್ಲೇಡುಗಳಿರುತ್ತವೆ, ಅದು ನಿಜವಾಗಿ ಅರೆಯುತ್ತೆ. ಆದರೆ ನನಗೆ ಕೊಟ್ಟ ಕೊಟೇಶನ್ ಎರಡು ಲಕ್ಷ ದಾಟಿತ್ತು, ಅದನ್ನ ಎಳೆಯೋ ಶಕ್ತಿ 275ಕ್ಕೆ ಇಲ್ಲ. ಸ್ಲ್ಯಾಶರ್ ಲಕ್ಷದೊಳಗೆ ಮುಗೀತು.

ಎರಡನೇ ತಕರಾರು ಡ್ರಿಪ್ ಪೈಪು. ಬ್ಲೇಡಿಗೆ ಲ್ಯಾಟರಲ್ (ಡ್ರಿಪ್ಪಿನ ಸಣ್ಣ ಪೈಪು) ಸಿಕ್ಕಿದರೆ ಕತ್ತರಿಸಿ ಬಿಡಲ್ಲ, ಮೀಟರುಗಟ್ಟಲೆ ಎಳೆದು ಶಾಫ್ಟಿಗೆ ಸುತ್ತಿಕೊಳ್ಳುತ್ತೆ. ಪೈಪು ಹೋದರೆ ಹೋಯ್ತು ಅನ್ನಬಹುದು, ಆದರೆ ಆ ಪ್ಲಾಸ್ಟಿಕ್ ಗೇರ್‌ಬಾಕ್ಸಿನ ಕೆಳಗಿನ ಸೀಲನ್ನ ಕೊರೆಯುತ್ತೆ. ಎಣ್ಣೆ ಸೋರೋದು ಕಾಣೋದೂ ಇಲ್ಲ, ಹುಲ್ಲಿನ ಹಸಿರಿನಲ್ಲಿ ಮುಚ್ಚಿಹೋಗಿರುತ್ತೆ. ನಮ್ಮದು ಸೀಲ್ ಬದಲಿಸಿ ಆಯ್ತು. ಈಗ ಲ್ಯಾಟರಲ್ಲನ್ನೆಲ್ಲ ಮರದ ಬುಡಕ್ಕೆ ಸುತ್ತಿಟ್ಟು ಆಮೇಲೆ ಟ್ರ್ಯಾಕ್ಟರ್ ಇಳಿಸ್ತೀವಿ. ಕೆಲಸ ಮುಗಿದ ಮೇಲೆ ಎಂಜಿನ್ ಆಫ್ ಮಾಡಿ, ಯಂತ್ರದ ಕೆಳಗೆ ದಿಮ್ಮಿ ಕೊಟ್ಟು, ಶಾಫ್ಟಿಗೆ ಸುತ್ತಿದ್ದನ್ನ ಬಿಡಿಸಿ, ಗೇರ್‌ಬಾಕ್ಸಿನ 90 ನಂಬರ್ ಎಣ್ಣೆ ನೋಡೋದು ನಮ್ಮ ಡ್ರೈವರ್ ಹುಡುಗನ ಪಾಲು.

ಪಿಟಿಓ ಶಾಫ್ಟನ್ನ ಗೇರ್‌ಬಾಕ್ಸಿಗೆ ಜೋಡಿಸೋ ಶಿಯರ್ ಬೋಲ್ಟ್ ಬಗ್ಗೆ ಒಂದು ಮಾತು. ಅದು ಮುರಿಯೋಕೇ ಇರೋದು. ಎರಡು ಸಲ ಮುರಿದ ಮೇಲೆ ಲೇತ್ ಅಂಗಡಿಯವನು "ಗಟ್ಟಿ ಬೋಲ್ಟ್ ಹಾಕ್ತೀನಿ ಅಕ್ಕ, ಇನ್ನು ಮುರಿಯಲ್ಲ" ಅಂದ. ಬೋಲ್ಟ್ ಮುರಿಯದಿದ್ದರೆ ಗೇರಿನ ಹಲ್ಲು ಮುರಿಯುತ್ತೆ. ಪುಸ್ತಕದಲ್ಲಿ ಹೇಳಿದ ಗ್ರೇಡಿನದ್ದನ್ನೇ ಒಂದು ಡಬ್ಬಿ ತಂದಿಟ್ಟುಕೊಂಡಿದ್ದೀನಿ. ಬ್ಲೇಡನ್ನೂ ಜೋಡಿಯಾಗೇ ಬದಲಿಸಬೇಕು. ಒಂದು ಹಳೇದು ಒಂದು ಹೊಸದು ಹಾಕಿದರೆ ತೂಕ ಏರುಪೇರಾಗಿ ಇಡೀ ಟ್ರ್ಯಾಕ್ಟರ್ ನಡುಗುತ್ತೆ.

ಮುಂದೆ ಹಿಂದೆ ಸರಪಳಿ ಪರದೆ ಇಲ್ಲದ ಸ್ಲ್ಯಾಶರನ್ನ ಪುಕ್ಕಟೆ ಕೊಟ್ಟರೂ ತರಬೇಡಿ. ಸರಪಳಿ ಇದ್ದೂ ನಮ್ಮಲ್ಲಿ ಕರಟದ ಚೂರೊಂದು ಹಾರಿ ಪಂಪ್‌ಹೌಸಿನ ಶೀಟು ತೂತಾಗಿದೆ. ಹೊಡೆಯೋವಾಗ ತೋಟದೊಳಗೆ ಕಾಯಿ ಆಯೋರು, ದನ ಮೇಯಿಸೋರು ಯಾರೂ ಇರಬಾರದು.

ಸಬ್ಸಿಡಿ ಬೇಕಾದವರು ಕೊಳ್ಳೋಕೆ ಮುಂಚೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇರಬೇಕು. ಕೃಷಿ ಯಾಂತ್ರೀಕರಣದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90, ಒಂದು ಮಿತಿಯೊಳಗೆ. ಆದರೆ ಅವರ ಪಟ್ಟಿಯಲ್ಲಿರೋ ಮಾಡೆಲ್ಲಿಗೆ ಮಾತ್ರ. ನನಗೆ ಬೇಕಾದ್ದು ಪಟ್ಟಿಯಲ್ಲಿ ಇರಲಿಲ್ಲ, ಪೂರ್ತಿ ದುಡ್ಡು ಕೊಟ್ಟೇ ತಂದೆ.

ಚನ್ನಗಿರಿ ಕಡೆಯ ನಮ್ಮ ನೆಂಟರು ಅಡಿಕೆ ತೋಟಕ್ಕೆ ಇದೇ ಆಗುತ್ತಾ ಅಂತ ಕೇಳ್ತಿದ್ದಾರೆ. ಒಂಬತ್ತಡಿ ಸಾಲಿನಲ್ಲಿ 275 ತಿರುಗಿಸೋದೇ ಕಷ್ಟ, ಇದು ಬೇಡ. ಅಲ್ಲಿಗೆ 24, 27 ಎಚ್‌ಪಿಯ ಮಿನಿ ಟ್ರ್ಯಾಕ್ಟರಿಗೆ 4 ಅಡೀದು ಹಾಕಿ. ಆ ಪೈಕಿ ಕೆಲವದರಲ್ಲಿ ಪಿಟಿಓಗೆ ಎರಡು ವೇಗ ಇರುತ್ತೆ. ಸ್ಲ್ಯಾಶರ್ ನಿಮಿಷಕ್ಕೆ 540 ಸುತ್ತಿಗೆ ಮಾಡಿದ್ದಾದರೆ ಲಿವರ್ 540ರಲ್ಲೇ ಇರಲಿ. "ಜಾಸ್ತಿ ತಿರುಗಿದರೆ ಚೆನ್ನಾಗಿ ಕತ್ತರಿಸುತ್ತೆ" ಅನ್ನೋ ಡ್ರೈವರಿಗೆ ಬೀಗದ ಕೈ ಕೊಡಬೇಡಿ.