ವಿಜಯನಗರದ ಸೈಬರ್ ಸೆಂಟರ್: ಮೆಡಿಕಲ್ ಆಫೀಸರ್ ಅರ್ಜಿಗೆ ಧೈರ್ಯವಾಗಿ ಹೋಗಿ

ತಂಗಿ ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದಾಳೆ. ಕೇಂದ್ರ ಸರ್ಕಾರದ ಮೆಡಿಕಲ್ ಆಫೀಸರ್ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಕಂಬೈಂಡ್ ಮೆಡಿಕಲ್ ಸರ್ವಿಸಸ್ ಪರೀಕ್ಷೆಗೆ ಅರ್ಜಿ ಹಾಕಬೇಕಿತ್ತು. ಕೊನೆಯ ವರ್ಷದವರೂ ಹಾಕಬಹುದು, ಸುಮ್ನೆ ಒಂದು ವರ್ಷ ಕಳೆದುಕೊಳ್ಳಬೇಡಿ.

ಮೊದಲು ಮನೆ ಹತ್ತಿರದ ಅಂಗಡಿಗೆ ಹೋಗಿದ್ದೆವು. ಅಲ್ಲಿ ಇನಿಷಿಯಲ್ ಬಿಟ್ಟು ಹೆಸರು ಟೈಪ್ ಮಾಡಿ, ಫೋಟೋನೂ ಅಡ್ಡಕ್ಕೆ ಎಳೆದು, ಸಬ್‌ಮಿಟ್ ಒತ್ತಲು ಹೊರಟಿದ್ದರು. ಬೇಡ ಅಂತ ಎದ್ದು ಬಂದೆವು.

ವಿಜಯನಗರ ಮೆಟ್ರೋ ಹತ್ತಿರದ ಈ ಸೆಂಟರ್‌ನಲ್ಲಿ ಕೆಲಸ ಮಾಡುವ ಅಕ್ಕ ಮೊದಲು ಕೇಳಿದ್ದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಮಾನಿಟರ್ ನಮ್ಮ ಕಡೆ ತಿರುಗಿಸಿದರು. ಕಾರ್ಡಿನ ಮೇಲೆ ಪೆನ್ನು ಇಟ್ಟು ಒಂದೊಂದೇ ಅಕ್ಷರ ತಂಗಿ ಕೈಲಿ ಓದಿಸಿದರು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ ಆಗಿರುತ್ತವೆ ಅಲ್ವಾ, ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಆಧಾರ್‌ನಲ್ಲಿ ಬಿಡಿಸಿ ಬರೆದಿರುತ್ತಾರೆ, ಆಮೇಲೆ ದಾಖಲೆ ಪರಿಶೀಲನೆಗೆ ಕರೆದಾಗ ಅದೇ ದೊಡ್ಡ ತಲೆನೋವು. ಅದಕ್ಕೇ ಹತ್ತನೇ ಕ್ಲಾಸಿನ ಕಾರ್ಡಲ್ಲಿ ಇರುವ ಹಾಗೇ ಹಾಕಿಸಿದರು.

ಅರ್ಜಿ ಶುಲ್ಕ 200 ರೂಪಾಯಿ, ಆದರೆ ಹೆಣ್ಣುಮಕ್ಕಳಿಗೆ ಇಲ್ಲ. ಅದನ್ನೂ ಅವರೇ ಹೇಳಿ, ತಮ್ಮ ಕೆಲಸದ ದುಡ್ಡು ಮಾತ್ರ ತೆಗೆದುಕೊಂಡರು. ಖುಷಿಯಾಯಿತು. ಎಷ್ಟು ಜನ ಗೊತ್ತಿಲ್ಲದೆ ಕೊಟ್ಟು ಬರುತ್ತಾರೋ!

ಜಾಗ ಚಿಕ್ಕದು, ಎರಡೇ ಕುರ್ಚಿ. ಸಂಜೆ ಕೋಚಿಂಗ್ ಬಿಟ್ಟ ಮೇಲೆ ಜನ ಜಾಸ್ತಿ, ಬೆಳಿಗ್ಗೆಯೇ ಹೋಗಿ. ಪ್ರಿಂಟ್ ಸ್ವಲ್ಪ ಮಸುಕು ಬಂತು, ಕೇಳಿದ ತಕ್ಷಣ ಬೇರೆ ತೆಗೆದುಕೊಟ್ಟರು. ಮಾರ್ಕ್ಸ್ ಕಾರ್ಡ್ ಒರಿಜಿನಲ್ಲೇ ತೆಗೆದುಕೊಂಡು ಹೋಗಿ.